ಬೆಳೆಯುವ ಮಕ್ಕಳೂ ಶಕ್ತಿತಸ್ತಪವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಮಹಾಪರ್ವ ಸಮಾಪ್ತವಾದ ಬಳಿಕ ಅನೇಕ ಊರುಗಳ ಬಸದಿಗಳಲ್ಲಿ ಉಪವಾಸ ಕೈಕೊಂಡವರನ್ನು ಸನ್ಮಾನಿಸುವ ಪದ್ಧತಿಯುಂಟು. ಹಿರಿಯರ ಹೆಸರುಗಳನ್ನು ಓದುವಾಗ ಸಭೆ ಕೈಮುಗಿಯುತ್ತದೆ. ಹತ್ತು ವರ್ಷದ ಬಾಲಕನ ಹೆಸರನ್ನು ಓದಿದಾಗಲಾದರೋ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ತಾಯಿತಂದೆಗಳ ಕಣ್ಣು ತುಂಬುತ್ತವೆ. ಮಗುವಿನ ಕೈಗೆ ಬೆಳ್ಳಿಯ ಲೋಟವೋ ಪ್ರಶಸ್ತಿಪತ್ರವೋ ಬರುತ್ತದೆ. ಮುಂದಿನ ವರ್ಷ ನೆರೆಮನೆಯ ಮಗು ಎರಡು ಉಪವಾಸಗಳನ್ನು ಮಾಡಲು ಹೊರಡುತ್ತದೆ. ಇದರಲ್ಲಿ ಧರ್ಮಪ್ರೇಮವಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲಿ ನಡೆದದ್ದು ತಪವೇ, ಮತ್ತು ತಪವಾದರೆ ಅದು ಯಾರ ತಪ ಎಂಬ ಪ್ರಶ್ನೆ ಮಾತ್ರ ಚಪ್ಪಾಳೆಯ ಸದ್ದಿನಲ್ಲಿ ಕೇಳಿಸದೆ ಹೋಗುತ್ತದೆ.

ವ್ರತವೆಂದರೇನೆಂಬುದನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬಹು ಸ್ಪಷ್ಟವಾಗಿ ಹೇಳಿದ್ದಾರೆ. ಅನಿಷ್ಟವಾದುದನ್ನೂ ಸೇವಿಸಲು ಯೋಗ್ಯವಲ್ಲದುದನ್ನೂ ಬಿಡಬೇಕೆಂದು ಹೇಳಿ, ವ್ರತದ ಲಕ್ಷಣವನ್ನು ಅವರು ಬೇರೆಯಾಗಿಯೇ ನಿರೂಪಿಸುತ್ತಾರೆ. ಯೋಗ್ಯವಾದ ವಿಷಯದಿಂದಲೂ ಅಭಿಸಂಧಿಪೂರ್ವಕವಾಗಿ, ಎಂದರೆ ತಿಳಿದು ಸಂಕಲ್ಪಿಸಿ, ವಿರತನಾಗುವುದೇ ವ್ರತ. ಸಂಕಲ್ಪವಿಲ್ಲದೆ ಉಣ್ಣದಿರುವವನು ಉಣ್ಣದಿರುವವನು ಮಾತ್ರ, ವ್ರತಿಯಲ್ಲ. ಬರಗಾಲದಲ್ಲಿ ಅನ್ನವಿಲ್ಲದೆ ಮಲಗಿದವನಿಗೆ ಅನಶನ ತಪದ ಫಲವಿಲ್ಲ. ಹಾಗಿರುವಾಗ, ಮನೆಯಲ್ಲಿ ಒಲೆ ಹೊತ್ತದ ದಿನ, ಅಜ್ಜಿಯೂ ತಾಯಿಯೂ ಉಪವಾಸವಿರುವ ದಿನ, 'ನೀನೂ ಇರುವೆಯಲ್ಲವೇ?' ಎಂದು ಕೇಳಿದಾಗ ತಲೆಯಾಡಿಸಿದ ಎಂಟು ವರ್ಷದ ಮಗುವಿನ ಆ ತಲೆಯಾಡಿಕೆಯಲ್ಲಿ ಅಭಿಸಂಧಿ ಎಷ್ಟರಮಟ್ಟಿಗಿದೆ?

ಇದಕ್ಕೆ ಹಿರಿಯರು ಕೊಡುವ ಉತ್ತರವೂ ಬಲವಾದದ್ದೇ. ತಿಳಿವಳಿಕೆ ಬಂದ ಮೇಲೆಯೇ ಧರ್ಮ ಎಂದು ಕಾದು ಕುಳಿತರೆ ತಿಳಿವಳಿಕೆ ಬರುವ ಹೊತ್ತಿಗೆ ರೂಢಿ ಕೈತಪ್ಪಿರುತ್ತದೆ. ಣಮೋಕಾರ ಮಂತ್ರವನ್ನು ಅರ್ಥ ತಿಳಿಯುವ ಮೊದಲೇ ಕಲಿಸುವಂತೆ ಉಪವಾಸವನ್ನೂ ಕಲಿಸಬೇಕು ಎನ್ನುತ್ತಾರೆ. ಸಂಸ್ಕಾರ ಮೊದಲು, ವಿವೇಕ ಅನಂತರ ಎಂಬುದು ಅವರ ನಿಲುವು. ಈ ನಿಲುವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮಂತ್ರವನ್ನು ಕಂಠಸ್ಥ ಮಾಡುವುದರಿಂದ ಮಗುವಿನ ಎಲುಬು ಸವೆಯುವುದಿಲ್ಲ. ಸಂಸ್ಕಾರದ ಹೆಸರಿನಲ್ಲಿ ಕೊಡುವ ಎರಡು ವಸ್ತುಗಳು ಒಂದೇ ತೂಕದವಲ್ಲ.

ಸಂಸ್ಕಾರಗಳ ಕ್ರಮವನ್ನೇ ನೋಡಬಯಸುವವರು ಜಿನಸೇನಾಚಾರ್ಯರ ಆದಿಪುರಾಣವನ್ನು ತೆರೆಯಬಹುದು. ಅಲ್ಲಿ ಹೇಳಿದ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಅನ್ನಪ್ರಾಶನವು ಮಗುವಿನ ಏಳೆಂಟು ತಿಂಗಳಲ್ಲಿಯೇ ಬರುತ್ತದೆ. ಲಿಪಿಸಂಖ್ಯಾನ, ಎಂದರೆ ಅಕ್ಷರಾಭ್ಯಾಸ, ಐದನೆಯ ವರ್ಷದಲ್ಲಿ. ಉಪನೀತಿ ಗರ್ಭದಿಂದ ಎಂಟನೆಯ ವರ್ಷದಲ್ಲಿ. ವ್ರತಚರ್ಯೆ ಅದಾದ ಮೇಲೆ. ಮೊದಲು ಅನ್ನ, ಬಳಿಕ ಅಕ್ಷರ, ಆಮೇಲೆ ವ್ರತ. ಈ ಕ್ರಮವನ್ನು ಹಾಕಿದವರು ಮಗುವಿನ ಬಾಯಿಗೆ ಮೊದಲ ತುತ್ತನ್ನಿಡುವುದನ್ನೂ ಧಾರ್ಮಿಕ ಕ್ರಿಯೆಯೆಂದೇ ಎಣಿಸಿದರು, ಜಿನಪೂಜೆಯೊಂದಿಗೆ ಮಾಡಬೇಕಾದ ಕ್ರಿಯೆಯೆಂದರು. ಇಂದಿನ ಗೃಹಸ್ಥರು ಉಪವಾಸವನ್ನು ಧರ್ಮವೆಂದೂ ಊಟವನ್ನು ಶರೀರದ ಕಾಟವೆಂದೂ ಭಾವಿಸುವುದು ಆ ಪರಂಪರೆಯಿಂದ ಬಂದ ಭಾವನೆಯಲ್ಲ.

ಮಹಾವ್ರತಿಗಳಾದ ಮುನಿಗಳಿಗೂ ಆಹಾರ ಸ್ವೀಕರಿಸಲು ಆರು ಕಾರಣಗಳನ್ನು ಮೂಲಾಚಾರ ಒಪ್ಪಿದೆ. ಹಸಿವಿನ ವೇದನೆಯ ಶಮನ, ವೈಯಾವೃತ್ತ್ಯ, ಆವಶ್ಯಕ ಕ್ರಿಯೆಗಳ ನಿರ್ವಹಣೆ, ಸಂಯಮ, ಪ್ರಾಣಧಾರಣೆ, ಧರ್ಮ ಇವೇ ಆ ಆರು. ಬೆಳವಣಿಗೆ ಪೂರ್ಣವಾದ ಶರೀರಕ್ಕೆ, ಅದರಲ್ಲಿಯೂ ಶರೀರದ ಮೇಲಿನ ಮಮತ್ವವನ್ನೇ ತೊರೆದ ತಪಸ್ವಿಗೆ, ಇಷ್ಟು ಕಾರಣಗಳಿದ್ದರೆ, ಇನ್ನೂ ಕಟ್ಟಡ ಏಳುತ್ತಿರುವ ಶರೀರಕ್ಕೆ ಏಳನೆಯದೊಂದು ಕಾರಣವಿದೆಯೆಂದು ಹೇಳಲು ಶಾಸ್ತ್ರದ ಅಪ್ಪಣೆ ಬೇಕಾಗಲಾರದು.

ಆ ಕಟ್ಟಡದ ಲೆಕ್ಕ ಹೀಗಿದೆ. ಆರರಿಂದ ಹತ್ತು ವರ್ಷದವರೆಗೆ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ, 2ರಿಂದ 3 ಕಿಲೋಗ್ರಾಂ ತೂಕ ಬೆಳೆಯುತ್ತದೆ. ಬಾಲಕಿಯರಲ್ಲಿ ಹತ್ತು-ಹನ್ನೆರಡರ ನಡುವೆ, ಬಾಲಕರಲ್ಲಿ ಅದಕ್ಕಿಂತ ಸುಮಾರು ಎರಡು ವರ್ಷ ತಡವಾಗಿ, ಬೆಳವಣಿಗೆ ಒಮ್ಮೆಲೇ ವೇಗ ಪಡೆಯುತ್ತದೆ. ಜೀವನವಿಡೀ ಹೊರಬೇಕಾದ ಎಲುಬಿನ ಗಟ್ಟಿತನದ ದೊಡ್ಡ ಪಾಲು ಕೂಡಿಬೀಳುವುದು ಈ ಕೆಲವೇ ವರ್ಷಗಳಲ್ಲಿ. ಆ ಕಾಲದ ಕೊರತೆಯನ್ನು ನಲವತ್ತರ ವಯಸ್ಸಿನಲ್ಲಿ ಹಾಲು ಕುಡಿದು ತುಂಬಲಾಗದು. ಇನ್ನೊಂದು ಮಾತೂ ಇದೆ. ವಯಸ್ಕನ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಸಕ್ಕರೆಯ ದಾಸ್ತಾನು ದೊಡ್ಡದು, ಮಗುವಿನದು ಚಿಕ್ಕದು. ತೂಕಕ್ಕೆ ಹೋಲಿಸಿದರೆ ಮಗುವಿನ ಮಿದುಳಿಗೆ ಬೇಕಾಗುವ ಸಕ್ಕರೆಯಾದರೋ ಹೆಚ್ಚು. ಆದುದರಿಂದಲೇ ತಂದೆ ನಿರಾಯಾಸವಾಗಿ ಕಳೆಯುವ ಉಪವಾಸದ ದಿನದಲ್ಲಿ ಮಗು ಮಧ್ಯಾಹ್ನಕ್ಕೇ ತಲೆನೋವೆಂದು ಮಲಗುತ್ತದೆ. ನೀರನ್ನೂ ಬಿಟ್ಟರೆ ಬಳಲಿಕೆ ಇನ್ನೂ ಬೇಗ ಬರುತ್ತದೆ. ತಂದೆಯ ಉಪವಾಸವೂ ಮಗನ ಉಪವಾಸವೂ ಹೆಸರಿನಲ್ಲಿ ಒಂದೇ, ಶರೀರದಲ್ಲಿ ಒಂದಲ್ಲ.

ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಉಮಾಸ್ವಾಮಿಗಳು ತ್ಯಾಗವನ್ನೂ ತಪವನ್ನೂ ಹೇಳುವಾಗ 'ಶಕ್ತಿತಃ' ಎಂಬ ಪದವನ್ನು ಸೇರಿಸಿರುವುದು ಇಲ್ಲಿ ಚಿಂತನೀಯ. ಹದಿನಾರು ಭಾವನೆಗಳಲ್ಲಿ ವಿನಯಕ್ಕೆ ಈ ಮಿತಿಯಿಲ್ಲ, ಭಕ್ತಿಗೆ ಇಲ್ಲ, ವಾತ್ಸಲ್ಯಕ್ಕೆ ಇಲ್ಲ. ತ್ಯಾಗಕ್ಕೆ ಮತ್ತು ತಪಕ್ಕೆ ಮಾತ್ರ ಶಕ್ತಿಯ ಅಳತೆಗೋಲನ್ನು ಇಟ್ಟಿದ್ದಾರೆ. ಶಕ್ತಿಯನ್ನು ಬಚ್ಚಿಡಬಾರದೆಂಬುದು ಅದರ ಒಂದು ಮುಖ; ಪ್ರವಚನಗಳಲ್ಲಿ ಈ ಮುಖವನ್ನೇ ಹೆಚ್ಚಾಗಿ ವಿವರಿಸುತ್ತಾರೆ. ಶಕ್ತಿಯನ್ನು ಮೀರಬಾರದೆಂಬುದು ಇನ್ನೊಂದು ಮುಖ. ಷೋಡಶಕಾರಣ ನೋಂಪಿಯನ್ನು ಪ್ರತಿವರ್ಷ ಆಚರಿಸುವ ಮನೆಗಳಲ್ಲಿಯೂ ಈ ಎರಡನೆಯ ಮುಖ ಮರೆತುಹೋಗಿದೆ.

ಅದೇ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಬಂಧ, ವಧ, ಛೇದ, ಅತಿಭಾರಾರೋಪಣ ಈ ನಾಲ್ಕರ ಬಳಿಕ ಐದನೆಯದು ಅನ್ನಪಾನನಿರೋಧ: ಆಶ್ರಿತ ಜೀವಕ್ಕೆ ಸಲ್ಲಬೇಕಾದ ಅನ್ನವನ್ನೂ ನೀರನ್ನೂ ತಡೆಯುವುದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದನ್ನು ವಿವರಿಸುವಾಗ ಹಸು ಮೊದಲಾದವುಗಳ ಹಸಿವು ನೀರಡಿಕೆಗಳನ್ನು ನೆನೆಯುತ್ತಾರೆ. ಕೊಟ್ಟಿಗೆಯಲ್ಲಿ ಕಟ್ಟಿದ ಹಸು ತಾನಾಗಿ ಮೇವು ಹುಡುಕಿಕೊಳ್ಳಲಾರದು. ಆದುದರಿಂದ ಹೊತ್ತಿಗೆ ಸರಿಯಾಗಿ ಮೇವಿಡದಿರುವುದು ಒಡೆಯನ ಅತಿಚಾರ. ಮನೆಯ ಮಗುವೂ ಹಾಗೆಯೇ ಪರಾಧೀನ. ಅದರ ತಟ್ಟೆಗೆ ಏನು ಬೀಳುತ್ತದೆ, ಯಾವ ಹೊತ್ತಿಗೆ ಬೀಳುತ್ತದೆ ಎಂಬುದು ಅದರ ಕೈಯಲ್ಲಿಲ್ಲ. ಹಸುವಿನ ವಿಷಯದಲ್ಲಿ ಅತಿಚಾರವಾದದ್ದು ಮಗುವಿನ ವಿಷಯದಲ್ಲಿ ಪುಣ್ಯವಾಗುವುದು ಹೇಗೆ?

ಯಾವ ತಾಯಿಯೂ ಮಗುವಿಗೆ ಬಲವಂತವಾಗಿ ಅನ್ನ ತಡೆಯುವುದಿಲ್ಲ, ಮಗುವೇ ಹಟ ಹಿಡಿಯುತ್ತದೆ ಎಂಬ ಮಾತು ಬರುತ್ತದೆ. ಅದು ಬಹುಮಟ್ಟಿಗೆ ನಿಜ. ಆದರೆ ಬಲವಂತಕ್ಕೆ ಬೆತ್ತವೇ ಬೇಕೆಂದಿಲ್ಲ. ಮಗುವಿಗೆ ಪ್ರಶಂಸೆಯಷ್ಟು ಬಲವಾದ ಹಗ್ಗ ಇನ್ನೊಂದಿಲ್ಲ. ಹಿಂದಿನ ವರ್ಷ ಅಣ್ಣನಿಗೆ ದೊರೆತ ಹಾರವನ್ನು ಕಂಡ ತಂಗಿ ಈ ವರ್ಷ ಬಯಸುವುದು ಕರ್ಮನಿರ್ಜರೆಯನ್ನಲ್ಲ, ಹಾರವನ್ನು. ಫಲವನ್ನು ಬಯಸಿ ಮಾಡುವ ತಪವನ್ನು ನಿದಾನವೆಂಬ ಶಲ್ಯವೆಂದು ಶಾಸ್ತ್ರ ಹೇಳುತ್ತದೆ. ಶಲ್ಯರಹಿತನೇ ವ್ರತಿಯೆಂದೂ ಹೇಳುತ್ತದೆ. ಮಗುವಿನ ಎಳೆಯ ಮನಸ್ಸಿನಲ್ಲಿ ಆ ಶಲ್ಯವನ್ನು ನೆಟ್ಟವರು ಸನ್ಮಾನದ ವ್ಯವಸ್ಥಾಪಕರು. ಬಸದಿಯ ಕಮಿಟಿಗಳು ಹದಿನೆಂಟು ತುಂಬದವರ ಉಪವಾಸಕ್ಕೆ ಸಾರ್ವಜನಿಕ ಸನ್ಮಾನವನ್ನು ನಿಲ್ಲಿಸಿದರೆ ಬಾಲೋಪವಾಸಗಳ ಸಂಖ್ಯೆ ತಾನಾಗಿ ಇಳಿದೀತು.

ಈ ಮಾತು ಅತಿಶಯೋಕ್ತಿಯೆನಿಸಿದವರು 2016ರ ಅಕ್ಟೋಬರ್ ತಿಂಗಳ ವೃತ್ತಪತ್ರಿಕೆಗಳನ್ನು ನೆನೆಯಬಹುದು. ಹೈದರಾಬಾದಿನ ಜೈನ ಕುಟುಂಬವೊಂದರ ಹದಿಮೂರು ವರ್ಷದ ಶಾಲಾಬಾಲಕಿ 68 ದಿನಗಳ ಉಪವಾಸವನ್ನು ಪೂರೈಸಿ, ಮೆರವಣಿಗೆಯ ಗೌರವವನ್ನೂ ಪಡೆದು, ಕೆಲವೇ ದಿನಗಳಲ್ಲಿ ತೀರಿಕೊಂಡಳು. ತಾಯಿತಂದೆಗಳ ಮೇಲೆ ಪೊಲೀಸರು ಮೊಕದ್ದಮೆ ದಾಖಲಿಸಿದರು. ದಿಗಂಬರ ಮನೆಗಳಲ್ಲಿ ಮಕ್ಕಳು ಅಷ್ಟು ದೀರ್ಘವಾಗಿ ಉಪವಾಸವಿರುವ ರೂಢಿಯಿಲ್ಲವೆಂದು ಸಮಾಧಾನಪಡುವವರಿದ್ದಾರೆ. ಆದರೆ ಅಲ್ಲಿಯೂ ಇಲ್ಲಿಯೂ ಹಾದಿ ಒಂದೇ, ನಡೆದ ದೂರದಲ್ಲಿ ಮಾತ್ರ ಭೇದ. ಆ ಘಟನೆಯ ಬಳಿಕ ಸಮಾಜದ ಹೊರಗಿನವರು ಉಪವಾಸವನ್ನೇ ಮೌಢ್ಯವೆಂದು ಟೀಕಿಸಿದರು. ಒಳಗಿನವರು ಧರ್ಮದ ಮೇಲೆ ದಾಳಿಯೆಂದು ಎದುರುನಿಂತರು. ಈ ಕೋಲಾಹಲದ ನಡುವೆ ಮಕ್ಕಳ ಶಕ್ತಿಯ ಅಳತೆ ಏನೆಂಬ ಶಾಸ್ತ್ರದ್ದೇ ಆದ ಪ್ರಶ್ನೆಗೆ ಎಡೆ ದೊರೆಯಲಿಲ್ಲ.

ಇಲ್ಲಿ ಕೆಲವರು ಸಲ್ಲೇಖನದ ದೃಷ್ಟಾಂತವನ್ನು ಎತ್ತುತ್ತಾರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ ಆಹಾರ ತ್ಯಜಿಸಿ ದೇಹವಿಟ್ಟವರ ಕೀರ್ತಿ ತುಂಬಿರುವಾಗ ಒಂದೆರಡು ದಿನದ ಹಸಿವಿಗೆ ಇಷ್ಟು ಅಂಜಿಕೆಯೇ ಎಂದು ಕೇಳುತ್ತಾರೆ. ಆದರೆ ಸಲ್ಲೇಖನದ ಸಂದರ್ಭಗಳನ್ನು ಸಮಂತಭದ್ರರು ಎಣಿಸಿ ಹೇಳಿದ್ದಾರೆ: ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಧರ್ಮಸಾಧನೆಗೆ ಶರೀರ ಇನ್ನು ನೆರವಾಗದು ಎಂಬಲ್ಲಿ ಅದನ್ನು ಬಿಡಲು ಅನುಜ್ಞೆ. ಅದೇ ತರ್ಕವನ್ನು ಹಿಂದಕ್ಕೆ ಓದಿದರೆ, ಮುಂದಿನ ಅರವತ್ತು ವರ್ಷ ಧರ್ಮಸಾಧನೆಗೆ ಬೇಕಾದ ಶರೀರವನ್ನು ಗಟ್ಟಿಯಾಗಿ ಕಟ್ಟಿಕೊಡುವುದು ಗೃಹಸ್ಥನ ಹೊಣೆಯಾಗುತ್ತದೆ.

ಉಪವಾಸಕ್ಕಿಂತ ಹೆಚ್ಚು ವ್ಯಾಪಕವಾದ, ಆದರೆ ಯಾರ ಗಮನಕ್ಕೂ ಬಾರದ ಪ್ರಶ್ನೆಯೊಂದು ರಾತ್ರಿಭೋಜನ ತ್ಯಾಗದ ಮನೆಗಳಲ್ಲಿದೆ. ರಾತ್ರಿಭೋಜನ ತ್ಯಾಗವು ಜೈನ ಮನೆಯ ಹೆಗ್ಗುರುತು. ಮಕ್ಕಳು ಇದನ್ನು ಪಾಲಿಸುವುದರಿಂದ ಕೇಡೇನೂ ಇಲ್ಲ, ನಿದ್ದೆಗೂ ಜೀರ್ಣಕ್ಕೂ ಒಳಿತೇ ಉಂಟು. ಕೇಡು ಬರುವುದು ಗಡಿಯಾರದಿಂದ. ಜನವರಿಯಲ್ಲಿ ಬೆಳಗಾವಿಯ ಕಡೆ ಸೂರ್ಯನು ಮುಳುಗುವುದು ಆರೂಕಾಲರ ಸುಮಾರಿಗೆ, ಮೂಡುವುದು ಏಳರ ಸುಮಾರಿಗೆ. ಸೂರ್ಯೋದಯದ ಬಳಿಕ ಎರಡು ಘಳಿಗೆ, ಸೂರ್ಯಾಸ್ತದ ಮೊದಲು ಎರಡು ಘಳಿಗೆ, ಎಂದರೆ 48-48 ನಿಮಿಷ, ಬಿಟ್ಟು ಉಣ್ಣುವ ಕಟ್ಟುನಿಟ್ಟಿನ ಮನೆಯಲ್ಲಿ ಸಂಜೆ ಐದೂವರೆಯ ಮೇಲೆ ಊಟವಿಲ್ಲ. ಬೆಳಿಗ್ಗೆ ಏಳು ಮುಕ್ಕಾಲಕ್ಕೆ ಮೊದಲು ಉಪಾಹಾರವಿಲ್ಲ. ಶಾಲೆಯ ಬಸ್ಸು ಏಳೂವರೆಗೇ ಬಂದು ನಿಲ್ಲುತ್ತದೆ. ಮಗು ಬರಿಹೊಟ್ಟೆಯಲ್ಲಿ ಹತ್ತುತ್ತದೆ. ಮಧ್ಯಾಹ್ನ ಒಂದಕ್ಕೆ ಬುತ್ತಿ ಬಿಚ್ಚುವ ಹೊತ್ತಿಗೆ ಹಿಂದಿನ ಊಟವಾಗಿ ಹತ್ತೊಂಬತ್ತೂವರೆ ಗಂಟೆ! ಅಷ್ಟಮಿಯಲ್ಲ, ಚತುರ್ದಶಿಯಲ್ಲ, ವಾರದಲ್ಲಿ ಆರು ದಿನ ಈ ಮಗು ಯಾವ ಸಂಕಲ್ಪವೂ ಇಲ್ಲದೆ ಅರೆ ಉಪವಾಸವಿರುತ್ತದೆ. ಸಂಜೆ ಟ್ಯೂಶನ್ನಿನಿಂದ ಆರೂವರೆಗೆ ಮರಳುವ ಮಗುವಾದರೆ ಸಂಜೆಯ ಊಟವೂ ತಪ್ಪಿ, ಒಂದು ಲೋಟ ಹಾಲಿನಲ್ಲಿ ದಿನ ಮುಗಿಯುತ್ತದೆ. ಗಣಿತದಲ್ಲಿ ಗಮನವಿಲ್ಲವೆಂದು ಮಾಸ್ತರರು ದೂರು ಬರೆದಾಗ ಮನೆಯವರು ಇನ್ನೊಂದು ಟ್ಯೂಶನ್ ಹಚ್ಚುತ್ತಾರೆ.

ಇಲ್ಲಿ ಬಿಡಬೇಕಾದದ್ದು ವ್ರತವನ್ನಲ್ಲ. ಸಮಂತಭದ್ರರ ಕ್ರಮದಲ್ಲಿ ರಾತ್ರಿಭುಕ್ತಿ ವಿರತಿಯು ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದು. ಪರಂಪರೆ ಅದನ್ನು ಎಲ್ಲ ಶ್ರಾವಕರಿಗೂ ರೂಢಿಯಾಗಿ ವಿಧಿಸಿದೆ, ಅದು ಒಳ್ಳೆಯದೇ. ಆದರೆ ಎರಡು ಘಳಿಗೆಯ ಅಂಚನ್ನು ಹಿರಿಯರು ತಮಗೆ ಇಟ್ಟುಕೊಂಡು, ಬೆಳೆಯುವ ಮಗುವಿಗೆ ಸೂರ್ಯ ಮೂಡಿದ ಕ್ಷಣದಿಂದ ಮುಳುಗುವ ಕ್ಷಣದವರೆಗಿನ ಇಡೀ ಹಗಲನ್ನು ಬಿಟ್ಟುಕೊಟ್ಟರೆ ವ್ರತ ಉಳಿಯುತ್ತದೆ, ಮಗುವಿಗೂ ಒಂದೂವರೆ ಗಂಟೆ ದಕ್ಕುತ್ತದೆ. ಶಾಲೆ ಬಿಟ್ಟೊಡನೆ ಬಿಸ್ಕತ್ತಿನ ಪೊಟ್ಟಣದ ಬದಲು ಪೂರ್ಣ ಊಟ ಸಿದ್ಧವಿರಬೇಕು; ಆಟ ಆಮೇಲೆ. ಟ್ಯೂಶನ್ನು ಆ ಹೊತ್ತಿಗೇ ಅಡ್ಡ ಬಂದರೆ ಬದಲಾಗಬೇಕಾದದ್ದು ಟ್ಯೂಶನ್ನಿನ ಹೊತ್ತು. ಬಸ್ಸಿನಲ್ಲಿ ತಿನ್ನಲು ಎಳ್ಳುಂಡೆಯನ್ನೋ ಶೇಂಗಾ ಚಿಕ್ಕಿಯನ್ನೋ ಬಾಳೆಹಣ್ಣನ್ನೋ ಕೊಡುವುದರಲ್ಲಿ ಧರ್ಮಹಾನಿಯಿಲ್ಲ. ಇದಕ್ಕಾಗಿ ಮನೆಯ ಹೆಂಗಸರೊಬ್ಬರೇ ನಾಲ್ಕು ಗಂಟೆಗೆ ಒಲೆಯ ಮುಂದೆ ನಿಲ್ಲಬೇಕೆಂದಲ್ಲ. ವ್ರತ ಇಡೀ ಮನೆಯದಾದರೆ ಅದರ ದುಡಿಮೆಯೂ ಇಡೀ ಮನೆಯದು.

ಇನ್ನು ತಟ್ಟೆಯ ವಿಷಯ. ಮದ್ಯ ಮಾಂಸ ಮಧು ತ್ಯಾಗದಿಂದಾಗಲಿ ಪಂಚೋದುಂಬರ ತ್ಯಾಗದಿಂದಾಗಲಿ ಯಾವ ಮಗುವೂ ಸೊರಗಿಲ್ಲ, ಸೊರಗುವುದೂ ಇಲ್ಲ. ಮಾಂಸವಿಲ್ಲದೆ ಬೆಳವಣಿಗೆಯಿಲ್ಲವೆಂಬ ಮಾತು ಸುಳ್ಳು. ಆದರೆ ಒಂದೊಂದು ವಸ್ತುವನ್ನು ಬಿಡುವಾಗಲೂ ಅದು ಕೊಡುತ್ತಿದ್ದ ಸತ್ತ್ವವನ್ನು ಬೇರೆ ಕಡೆಯಿಂದ ತರಬೇಕೆಂಬ ಎಚ್ಚರ ಹಳೆಯ ಅಡಿಗೆಮನೆಯಲ್ಲಿತ್ತು. ಬೇಕರಿಯ ಕಾಲದಲ್ಲಿ ಅದು ಕಳೆದುಹೋಗಿದೆ. ಗಜ್ಜರಿಯನ್ನು ಕಂದಮೂಲವೆಂದು ಬಿಟ್ಟ ಮನೆಗೆ ಕುಂಬಳಕಾಯಿಯೂ ಪಪ್ಪಾಯಿಯೂ ಮಾವೂ ಇವೆ. ಚಾತುರ್ಮಾಸ್ಯದಲ್ಲಿ ಸೊಪ್ಪು ಬಿಟ್ಟವರಿಗೆ, ಅಷ್ಟಮಿ ಚತುರ್ದಶಿಗಳಲ್ಲಿ ಹಸಿರನ್ನೇ ಬಿಟ್ಟವರಿಗೆ, ಉತ್ತರ ಕರ್ನಾಟಕದ ಅಜ್ಜಿಯರು ಮಾಡಿಡುತ್ತಿದ್ದ ಗುರೆಳ್ಳು, ಅಗಸಿ, ಶೇಂಗಾ, ಎಳ್ಳಿನ ಚಟ್ನಿಪುಡಿಗಳಿದ್ದವು. ಜೋಳದ ರೊಟ್ಟಿಗೆ ಎಣ್ಣೆ ಹಚ್ಚಿ ಆ ಪುಡಿಯನ್ನು ಸವರಿಕೊಡುವುದು ರುಚಿಗೆ ಮಾತ್ರ ಬಂದ ಪದ್ಧತಿಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಪ್ರಕಟಿಸಿದ ಪ್ರಮಾಣಗಳಂತೆ ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 23 ಗ್ರಾಂ ಪ್ರೋಟೀನು, 650 ಮಿಲಿಗ್ರಾಂ ಸುಣ್ಣದ ಅಂಶ ಬೇಕು; ಹತ್ತರಿಂದ ಹನ್ನೆರಡರವರಿಗೆ ಪ್ರೋಟೀನು 32-33 ಗ್ರಾಮಿಗೂ ಸುಣ್ಣದ ಅಂಶ 850 ಮಿಲಿಗ್ರಾಮಿಗೂ ಏರುತ್ತದೆ. ಇದನ್ನು ಕಂಡು ಹೆದರಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ. ಎರಡು ಲೋಟ ಹಾಲೂ ಐವತ್ತು ಗ್ರಾಂ ರಾಗಿಹಿಟ್ಟಿನ ರೊಟ್ಟಿಯೂ ಸೇರಿದರೆ ಚಿಕ್ಕ ಮಗುವಿನ ದಿನದ ಪಾಲು ಹೆಚ್ಚುಕಡಮೆ ತುಂಬುತ್ತದೆ. ತೊಗರಿ, ಹೆಸರು, ಕಡಲೆಗಳಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನಿದೆ. ಅನೇಕ ಮನೆಗಳಲ್ಲಿ ತೊಂದರೆಯಾಗುವುದು ಬೇಳೆಯ ಅಭಾವದಿಂದಲ್ಲ, ತಿಳಿಸಾರಿನಿಂದ. ಮಗುವಿನ ಅನ್ನಕ್ಕೆ ಮೇಲಿನ ತಿಳಿ ಬೀಳುತ್ತದೆ, ಬೇಳೆ ಪಾತ್ರೆಯ ತಳದಲ್ಲಿಯೇ ಉಳಿಯುತ್ತದೆ. ದ್ವಿದಳ ದೋಷವನ್ನು ಪಾಲಿಸುವವರು ಬೇಳೆಯನ್ನೂ ಮೊಸರನ್ನೂ ಒಂದೇ ಊಟದಲ್ಲಿ ಕೂಡಿಸುವುದಿಲ್ಲ. ಸರಿ, ಮಧ್ಯಾಹ್ನ ಬೇಳೆಯಾದರೆ ಸಂಜೆ ಮೊಸರಾಗಲಿ. ಎರಡರಲ್ಲಿ ಒಂದನ್ನು ಇಡೀ ದಿನಕ್ಕೇ ಕೈಬಿಡುವುದು ಶಾಸ್ತ್ರ ಕೇಳಿದ್ದಲ್ಲ.

ಹಾಲಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬಿ-12 ಎಂಬ ಜೀವಸತ್ತ್ವ ಧಾನ್ಯದಲ್ಲಿಲ್ಲ, ಕಾಯಿಪಲ್ಯದಲ್ಲಿಲ್ಲ. ಶಾಕಾಹಾರದ ಮನೆಗೆ ಅದು ಬರುವುದು ಹಾಲು ಮೊಸರುಗಳಿಂದಲೇ. ರಕ್ತಕ್ಕೂ ನರಗಳಿಗೂ ಅದು ಅಗತ್ಯ. ಪೊಟ್ಟಣದ ಹಾಲು ಶೋಧಿತವಲ್ಲವೆಂದೋ, ಇಂದಿನ ಗೋಶಾಲೆಗಳಲ್ಲಿ ಕರುವಿಗೆ ಹಿಂಸೆಯಾಗುವುದೆಂದೋ ಹಾಲನ್ನು ಪೂರ್ತಿ ಬಿಟ್ಟ ಕುಟುಂಬಗಳಿವೆ. ಅವರ ದಯಾಭಾವ ಗೌರವಾರ್ಹವಾದದ್ದು. ಆದರೆ ಹಾಗೆ ಬಿಟ್ಟ ಮನೆಯ ಮಗುವಿಗೆ ವೈದ್ಯರನ್ನು ಕೇಳಿ ಬಿ-12 ಮಾತ್ರೆ ಕೊಡಿಸಲೇಬೇಕು. ಆ ಜೀವಸತ್ತ್ವವನ್ನು ಕಾರ್ಖಾನೆಗಳಲ್ಲಿ ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ, ಪ್ರಾಣಿಗಳಿಂದಲ್ಲ. ಪ್ರಾಣಿಗಳ ಚರ್ಮ ಎಲುಬುಗಳಿಂದ ಬರುವ ಜಿಲೆಟಿನ್ನಿನ ಕ್ಯಾಪ್ಸೂಲನ್ನು ತಪ್ಪಿಸಿ ಗುಳಿಗೆಯ ರೂಪದಲ್ಲಿರುವುದನ್ನು ಕೇಳಿ ಪಡೆಯಬಹುದು.

ಬಾಲಕಿಯರ ಮಾತನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಮೇಲೆ ಹೇಳಿದ ಪ್ರಮಾಣಗಳಲ್ಲಿ ಹತ್ತರಿಂದ ಹನ್ನೆರಡು ವರ್ಷದ ಬಾಲಕನಿಗೆ ದಿನಕ್ಕೆ 16 ಮಿಲಿಗ್ರಾಂ ಕಬ್ಬಿಣ ಸಾಕು. ಅದೇ ವಯಸ್ಸಿನ ಬಾಲಕಿಗೆ 28 ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹದಿನೈದರಿಂದ ಹತ್ತೊಂಬತ್ತರ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹೆಚ್ಚು ಬೇಕಾದವಳು ಅವಳು. ನೋಂಪಿ ಹಿಡಿಯುವ ಮನೆಗಳಲ್ಲಿ ಹೆಚ್ಚು ಉಪವಾಸವಿರುವವಳೂ ಅವಳೇ. ತಾಯಿಯೊಂದಿಗೆ ನೋಂಪಿಗೆ ಕೂಡುವ ಮಗಳು ತಾಯಿಯಂತೆಯೇ ಒಪ್ಪೊತ್ತು ಉಣ್ಣುತ್ತಾಳೆ. ಅಣ್ಣನಿಗೆ ಪರೀಕ್ಷೆಯೆಂದು, ಆಟವೆಂದು ವಿನಾಯಿತಿ ದೊರೆಯುತ್ತದೆ. ಅವಳಿಗೂ ಪರೀಕ್ಷೆಯಿದೆ. ಸೊಪ್ಪಿಲ್ಲದ ದಿನಗಳಲ್ಲಿ ಸಜ್ಜೆ, ಕಡಲೆ, ಎಳ್ಳುಗಳ ಜೊತೆ ನಿಂಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ಸೇರಿಸಿದರೆ ಧಾನ್ಯದ ಕಬ್ಬಿಣ ಮೈಗೆ ಹತ್ತುವುದು ಹೆಚ್ಚುತ್ತದೆ. ಊಟವಾದೊಡನೆ ಚಹಾ ಕುಡಿದರೆ ಕಡಮೆಯಾಗುತ್ತದೆ. ಹಸಿರು ಬಿಟ್ಟ ದಿನ ನೆಲ್ಲಿಯೂ ನಿಂಬೆಯೂ ಸಲ್ಲವೆನ್ನುವ ಮನೆಯವರು ಕನಿಷ್ಠ ಮಗಳ ಮಟ್ಟಿಗೆ ಆ ನಿಯಮವನ್ನು ಸಡಿಲಿಸುವುದು ಮೇಲು.

ಶಾಲೆಯ ಮಧ್ಯಾಹ್ನದ ಊಟದಲ್ಲಿ ಮೊಟ್ಟೆಯ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲಾಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಜೈನ ಸಮಾಜದ ಕೆಲವರೂ ಪ್ರತಿಭಟಿಸಿದರು. ಬಳಿಕ ಅದು ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣಿನ ಏರ್ಪಾಡಾಯಿತು. ಮೊಟ್ಟೆ ಜೈನನಿಗೆ ಅಭಕ್ಷ್ಯ. ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ಆದರೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದ್ದರೆ ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು 1 ಗ್ರಾಂ. ಬೇಡವೆಂದು ಹೇಳುವಲ್ಲಿಗೆ ಮನೆಯ ಕರ್ತವ್ಯ ಮುಗಿಯಲಿಲ್ಲ. ಆ ಐದು ಗ್ರಾಮನ್ನು ಒಂದು ಹಿಡಿ ಶೇಂಗಾದ ರೂಪದಲ್ಲಿ ಬುತ್ತಿಗೆ ಸೇರಿಸಿದ ಮೇಲೆಯೇ ಮುಗಿಯಿತು. ಅನ್ಯರ ಮಕ್ಕಳ ತಟ್ಟೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮನೆಯಲ್ಲಿ ಹೊಟ್ಟೆತುಂಬ ಊಟವಿಲ್ಲದ ಮಗುವಿನ ತಟ್ಟೆಯಿಂದ ಏನನ್ನಾದರೂ ತೆಗೆಯಿರೆಂದು ಹೇಳುವ ಮೊದಲು ಅದರ ಬದಲಿಗೆ ಅಷ್ಟೇ ಸತ್ತ್ವದ ನಿರ್ದೋಷವಾದ ಆಹಾರವನ್ನು ತಾನು ಇಡಬಲ್ಲೆನೇ ಎಂದು ಶ್ರಾವಕನು ಕೇಳಿಕೊಳ್ಳಬೇಕು. ಚತುರ್ವಿಧ ದಾನಗಳಲ್ಲಿ ಆಹಾರದಾನವಿರುವುದು ಪರ್ವದ ದಿನದ ಸಂಘಭೋಜನಕ್ಕೆ ಮಾತ್ರ ಅಲ್ಲ. ಊರಿನ ಶಾಲೆಗೆ ಶೇಂಗಾ ಚಿಕ್ಕಿಯನ್ನೋ ನೆನೆಸಿದ ಕಡಲೆಯನ್ನೋ ವರ್ಷವಿಡೀ ಒದಗಿಸುವ ಬಸದಿಯ ಮಾತಿಗೆ, ಮನವಿಪತ್ರವನ್ನಷ್ಟೇ ಒಪ್ಪಿಸುವ ಬಸದಿಯ ಮಾತಿಗಿಂತ, ತೂಕ ಹೆಚ್ಚು.

ಹಾಗಾದರೆ ಮಕ್ಕಳಿಗೆ ತಪವೇ ಬೇಡವೇ? ಬಾಹ್ಯ ತಪಗಳು ಆರು, ಆಭ್ಯಂತರ ತಪಗಳು ಆರು. ಹನ್ನೆರಡರಲ್ಲಿ ಅನಶನ ಒಂದೇ ಮಗುವಿನ ಶಕ್ತಿಗೆ ಮೀರಿದ್ದೆಂದರೂ ಉಳಿದವುಗಳಲ್ಲಿ ಎಷ್ಟೋ ಅದರ ಕೈಗೆ ಎಟಕುತ್ತವೆ. ವಿನಯವಿದೆ, ಸ್ವಾಧ್ಯಾಯವಿದೆ, ಹಾಸಿಗೆ ಹಿಡಿದ ಅಜ್ಜನಿಗೆ ನೀರು ಕೊಡುವ ವೈಯಾವೃತ್ತ್ಯವಿದೆ. ರಸಪರಿತ್ಯಾಗವಿದೆ: ಹತ್ತು ದಿನ ಚಾಕೊಲೇಟು ಬಿಡುವುದು, ಅಂಗಡಿಯ ಕುರುಕಲು ತಿಂಡಿಯನ್ನು ಬಿಡುವುದು. ಮಗುವಿನ ಪಾಲಿಗೆ ಇದು ಸಣ್ಣ ತ್ಯಾಗವಲ್ಲ. ತಾನು ಬಯಸುವ ವಸ್ತುವಿನಿಂದ ತಾನೇ ತಿಳಿದು ಹಿಂದೆ ಸರಿಯುವ ಅಭಿಸಂಧಿ ಇಲ್ಲಿ ನಿಜವಾಗಿ ಉಂಟು, ಶರೀರಕ್ಕೆ ಕೇಡೂ ಇಲ್ಲ. ಚತುರ್ದಶಿಯಂದು ಮಗುವನ್ನು ಉಪವಾಸವಿರಿಸಿ ಮರುದಿನ ಪಾರಣೆಯಾದೊಡನೆ ಪೊಟ್ಟಣದ ನೂಡಲ್ಸು ಕೊಡಿಸುವ ಮನೆಗಳಲ್ಲಿ ವ್ರತ ತಲೆಕೆಳಗಾಗಿ ನಿಂತಿದೆ.

ಪುರಾಣಗಳಲ್ಲಿ ಬಾಲವ್ರತಿಗಳಿಲ್ಲವೇ ಎಂದು ಕೇಳುವವರು ಜನ್ನನ ಯಶೋಧರ ಚರಿತೆಯ ಅಭಯರುಚಿ ಅಭಯಮತಿಯರನ್ನು ನೆನೆಯುತ್ತಾರೆ. ಆ ಎಳೆಯರು ವ್ರತ ತಳೆದವರು, ಬಲಿಯ ಕತ್ತಿಯ ಮುಂದೆಯೂ ಅಂಜದವರು ಎಂಬುದು ನಿಜ. ಮಾರಿಗುಡಿಗೆ ಅವರನ್ನು ಹಿಡಿದೊಯ್ದಾಗ ಅವರು ಹೊರಟಿದ್ದುದು ಭಿಕ್ಷೆಗೆ, ಎಂದರೆ ಊಟಕ್ಕೆ. ಅಂಥ ಮಕ್ಕಳನ್ನೂ ಅವರ ಗುರುಗಳು ಆಹಾರದ ಹಾದಿಯಿಂದ ತಡೆಯಲಿಲ್ಲ.

ತನ್ನಷ್ಟಕ್ಕೆ ತಾನೇ, ಯಾವ ಹಾರದ ಆಸೆಯೂ ಇಲ್ಲದೆ, ಹದಿನಾಲ್ಕರ ಮಗಳೊಬ್ಬಳು ಅನಂತ ಚತುರ್ದಶಿಯಂದು ಉಪವಾಸವಿರಬೇಕೆಂದು ಕೇಳಿದರೆ ತಾಯಿತಂದೆಗಳು ಏನು ಮಾಡಬೇಕು? ಅವಳ ಭಾವನೆಯನ್ನು ನಗುತ್ತ ಚಿವುಟಿಹಾಕುವುದು ಸಲ್ಲದು. ಅವಳು ನೀರೋಗಿಯಾಗಿದ್ದು ತೂಕ ವಯಸ್ಸಿಗೆ ತಕ್ಕಂತಿದ್ದರೆ, ಶಾಲೆಗೆ ರಜೆಯಿದ್ದರೆ, ಹಾಲು ಹಣ್ಣುಗಳೊಂದಿಗೆ ಏಕಭುಕ್ತದ ನಿಯಮವನ್ನು ಕೊಡಿಸಬಹುದು, ನೀರಿಗೆ ತಡೆಯಿರಬಾರದು. ಹಿಂದಿನ ದಿನವೂ ಮರುದಿನವೂ ಅವಳ ತಟ್ಟೆ ತುಂಬಿರಬೇಕು. ಮುನಿಮಹಾರಾಜರಿಂದಲೋ ಆರ್ಯಿಕೆಯರಿಂದಲೋ ನಿಯಮ ಪಡೆಯುವಾಗ ಅವಳ ವಯಸ್ಸನ್ನೂ, ಕಾಯಿಲೆಯೇನಾದರೂ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ತಲೆ ಸುತ್ತಿದರೆ ಊಟ ಮಾಡಲು ಅವಕಾಶವಿರುವಂತೆ ಆ ನಿಯಮವನ್ನು ಮೊದಲೇ ಮಿತಿಯಿಟ್ಟು ಪಡೆಯಬೇಕು. ಹಾಗೆ ಮಿತಿಯಿಟ್ಟು ಪಡೆದ ಮೇಲೆ ಮಧ್ಯಾಹ್ನ ಮೂರಕ್ಕೆ ಮಗಳು ಬಳಲಿ ಹಾಲು ಕೇಳಿದರೆ ವ್ರತಭಂಗವಾಯಿತೆಂದು ಅಜ್ಜಿ ನೊಂದುಕೊಳ್ಳಬೇಕಾಗಿಲ್ಲ. ಹಾಲು ಕಾಸಿ ಕೊಟ್ಟರೆ ಸಾಕು.